ಕಪ್ಪು ಚೀಲ, ತಿಳಿ ಗಾಜು

ಮೂಡಿಗೆರೆ ಕಡೆಯ ಆ ಎಸ್ಟೇಟಿಗೆ ಆನೆ ನುಗ್ಗಿದ ಬೆಳಿಗ್ಗೆಯ ಕಥೆಯನ್ನು ತೋಟದ ಹೊರಗೆ ಹೇಳುವವರೆಲ್ಲ ಈಗಲೂ ಒಂದೇ ಥರ ಹೇಳುತ್ತಾರೆ. ಸಂಶೋಧನಾ ಕೇಂದ್ರದವರು ಒಳ್ಳೆಯ ಕ್ಯಾಮೆರಾ ಹಾಕಿಕೊಟ್ಟಿದ್ದರು, ಮೇಸ್ತ್ರಿ ಅದರ ಮೂತಿಗೆ ಕಪ್ಪು ಚೀಲ ಕಟ್ಟಿದ, ಕ್ಯಾಮೆರಾಕ್ಕೆ ಏನೂ ಕಾಣಲಿಲ್ಲ, ಸೈರನ್ ಕೂಗಲಿಲ್ಲ, ಗಿರಿಜಕ್ಕನ ಸೊಂಟ ಮುರಿಯಿತು. ಕಾರಣ ಇದೆ, ಪರಿಣಾಮ ಇದೆ, ತಪ್ಪಿತಸ್ಥನೂ ಸಿಕ್ಕಿದ್ದಾನೆ. ಇಷ್ಟು ಅಚ್ಚುಕಟ್ಟಾದ ಕಥೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನನಗೆ ಬರುತ್ತದೆ. ಏಕೆಂದರೆ ಅದನ್ನು ಹಾಗೆ ಜೋಡಿಸಿ ಕೊಟ್ಟವಳು ನಾನೇ.

ನನಗೀಗ ಮೂವತ್ತಾರು. ವೃತ್ತಿಯ ನೆನಪು ಬರೆಯುವ ವಯಸ್ಸಲ್ಲ, ಗೊತ್ತು. ಆದರೆ ಬೆಟ್ಟದ ಮೇಲೆ ಅತ್ತಿಗುಂಡಿಯಲ್ಲಿದ್ದ ನಮ್ಮ ಪುಟ್ಟ ಸಂಶೋಧನಾ ಕೇಂದ್ರಕ್ಕೆ ಬೀಗ ಬಿತ್ತು, ನಾನು ಸ್ವಯಂ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿ ಚಿಕ್ಕಮಗಳೂರಿಗೆ ಇಳಿದೆ. ಕೆಲಸವೇ ಮುಗಿದ ಮೇಲೆ ವಯಸ್ಸು ಎಷ್ಟಾದರೇನು? ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ಹುಡುಗಿಯರು ಆಗಾಗ ಫೋನ್ ಮಾಡಿ, "ಅಕ್ಕಾ, ಕೆಲಸ ನಿಜವಾಗ್ಲೂ ಹೇಗಿರುತ್ತೆ?" ಎಂದು ಕೇಳುತ್ತಾರೆ. ಹೀಗಿರುತ್ತದೆ.

ಬಿಸಿಯಿರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಒಂದು ಬೆಳಕನ್ನು ಹೊರಸೂಸುತ್ತಿರುತ್ತದೆ. ನಿಮ್ಮ ಅಂಗೈ, ಚಹಾದ ಲೋಟ, ಕಾಡಿನಲ್ಲಿ ನಿಂತ ಆನೆ, ಎಲ್ಲವೂ. ಅದೇ ಅವಕೆಂಪು, ಇಂಗ್ಲಿಷಿನ ಇನ್‌ಫ್ರಾರೆಡ್. ಆ ಬೆಳಕು ಮಂಜಿನೊಳಗೆ ಎಷ್ಟು ದೂರ ಸಾಗುತ್ತದೆ, ಎಲ್ಲಿ ಸಾಯುತ್ತದೆ ಎಂದು ಅಳೆಯುವುದು ನಮ್ಮ ಕೇಂದ್ರದ ಕೆಲಸ. ಮಂಜಿಗೆ ಬಾಬಾಬುಡನ್‌ಗಿರಿಯ ಪಕ್ಕಕ್ಕಿಂತ ಒಳ್ಳೆಯ ಜಾಗ ಬೇಕೇ? ವರ್ಷದ ಅರ್ಧದಷ್ಟು ದಿನ ಕಿಟಕಿಯಾಚೆಯ ಬೇಲಿಯೇ ನಮಗೆ ಕಾಣುತ್ತಿರಲಿಲ್ಲ.

ಕೇಂದ್ರದ ಮುಖ್ಯಸ್ಥರು ಶ್ರೀಧರ ಸರ್. ಮಾತು ಕಡಿಮೆ, ಕೈ ನಯ. ಲೆನ್ಸ್ ಒರೆಸುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ನಾನೋ, ಕಾಲೇಜಿನ ನಾಲ್ಕು ವರ್ಷವೂ ಚರ್ಚಾಸ್ಪರ್ಧೆಯಲ್ಲಿ ಗೆದ್ದು ಬಂದವಳು. ಪರ ಕೊಟ್ಟರೂ ಗೆಲ್ಲುವುದು, ವಿರೋಧ ಕೊಟ್ಟರೂ ಗೆಲ್ಲುವುದು. ಸೇರಿದ ಎರಡನೇ ವಾರವೇ ಸರ್ ನನ್ನ ಪ್ರಯೋಗದ ಪುಸ್ತಕ ತಂದು ಮೇಜಿನ ಮೇಲಿಟ್ಟರು.

"ಇದೇನಮ್ಮಾ ಬರ್ದಿದೀಯ, 'ಡಿಟೆಕ್ಟರ್ ಕೆಟ್ಟಿದೆ' ಅಂತ?"

"ಕೆಟ್ಟಿದೆ ಸರ್. ಸಿಗ್ನಲ್ಲೇ ಇಲ್ಲ."

"ಸಿಗ್ನಲ್ ಇಲ್ಲ ಅನ್ನೋದು ನೀನು ನೋಡಿದ್ದು. ಕೆಟ್ಟಿದೆ ಅನ್ನೋದು ನಿನ್ನ ವಾದ. ನೋಡಿದ್ದನ್ನ ಮೊದ್ಲು ಬರಿ. ವಾದಕ್ಕೆ ಪುಟ ಬೇಕಾದಷ್ಟಿದೆ."

ಡಿಟೆಕ್ಟರ್ ಕೆಟ್ಟಿರಲಿಲ್ಲ. ಅದನ್ನು ತಣ್ಣಗಿಡುವ ದ್ರವ ಸಾರಜನಕ ಮುಗಿದುಹೋಗಿತ್ತು. ನೋಡಿಕೊಳ್ಳಬೇಕಾದವಳು ನಾನು, ನೋಡಿರಲಿಲ್ಲ.

ಇನ್ನೊಂದು ಪಾಠವನ್ನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಕಲಿತೆ. ಬೀಜ ಒಣಗಿಸುವ ಡ್ರೈಯರಿನಲ್ಲಿ ಎಲ್ಲಿ ಶಾಖ ಸೋರುತ್ತಿದೆ ನೋಡಿಕೊಡಿ ಎಂದು ಕರೆದಿದ್ದರು. ಹೊಳೆಯುವ ಸ್ಟೀಲಿನ ಕೊಳವೆಗೆ ನಮ್ಮ ಮೀಟರ್ ಹಿಡಿದೆ. ಕೋಣೆಯಷ್ಟೇ ತಣ್ಣಗಿದೆ ಎಂದಿತು. ಡ್ರೈಯರ್ ನೋಡಿಕೊಳ್ಳುವ ಹಿರಿಯರು ನಕ್ಕರು.

"ಅದು ಕುದೀತಾ ಇದೆ ಮೇಡಂ."

"ಮೀಟರ್ ಹಾಗೆ ಹೇಳ್ತಾ ಇಲ್ಲ. ನಿಮ್ಮ ಅಂದಾಜಿಗಿಂತ ಇದು ಸರಿಯಾಗಿರುತ್ತೆ."

"ಹಂಗಾರೆ ಮುಟ್ಟಿ ನೋಡಿ."

ಮುಟ್ಟಿದೆ. ನೀರಿನ ಕೊಳಾಯಿ ಎಲ್ಲಿದೆ ಎಂದು ಅವರು ಮೊದಲೇ ತೋರಿಸಿಟ್ಟಿದ್ದರು. "ಮೀಟರಿಗೆ ಗುಳ್ಳೆ ಏಳಲ್ಲ ನೋಡಿ, ಅದಕ್ಕೇ ಧೈರ್ಯ ಜಾಸ್ತಿ," ಎಂದರು. ಹೊಳೆಯುವ ಲೋಹ ತನ್ನ ಶಾಖವನ್ನು ಹೆಚ್ಚು ತೋರಿಸುವುದಿಲ್ಲ, ಕನ್ನಡಿಯ ಹಾಗೆ ಎದುರಿನ ಕೋಣೆಯ ಶಾಖವನ್ನೇ ತೋರಿಸುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆಮೇಲಿಂದ ಲೋಹ ಅಳೆಯುವಾಗ ಅದಕ್ಕೊಂದು ತುಂಡು ಕಪ್ಪು ಟೇಪ್ ಅಂಟಿಸಿ, ಟೇಪಿನ ಮೇಲೆಯೇ ಅಳೆಯುವ ಪದ್ಧತಿ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ.

ಈಗ ಆ ಎಸ್ಟೇಟಿನ ವಿಷಯ.

ಕಾಡಂಚಿನ ತೋಟ. ಹಣ್ಣು ಕೊಯ್ಲಿನ ಕಾಲದಲ್ಲಿ ಆನೆಗಳು ಕಾಫಿ ಗಿಡಗಳ ನಡುವೆಯೇ ನಿಂತಿರುತ್ತವೆ. ಹತ್ತು ಹೆಜ್ಜೆ ಹತ್ತಿರ ಹೋದರೂ ಕಾಣುವುದಿಲ್ಲ. ಎತ್ತರದ ಕಂಬಕ್ಕೆ ನಮ್ಮ ಅವಕೆಂಪು ಕ್ಯಾಮೆರಾ ಕಟ್ಟುವುದು, ದೊಡ್ಡ ಬಿಸಿ ಆಕಾರ ಕಂಡರೆ ಸೈರನ್ ತಾನಾಗಿಯೇ ಕೂಗುವುದು, ಚಿತ್ರಗಳು ಅತ್ತಿಗುಂಡಿಯ ನನ್ನ ಮೇಜಿಗೂ ಬರುವುದು. ಯೋಜನೆ ಶ್ರೀಧರ ಸರ್ ಅವರದು, ಓಡಾಟ ನನ್ನದು.

ಅಲ್ಲಿಯ ಮೇಸ್ತ್ರಿ ತಿಮ್ಮಪ್ಪ. ಅವರ ಕೈಕೆಳಗಿನ ಕೂಲಿಯಾಳುಗಳ ಗ್ಯಾಂಗಿನಲ್ಲಿ ಹೆಚ್ಚಿನವರು ಹೆಂಗಸರು. ಬೆಳಿಗ್ಗೆ ಎಲ್ಲರನ್ನೂ ಹಾಜರಿಯ ಕಣದಲ್ಲಿ ನಿಲ್ಲಿಸಿ, ತಾವೊಬ್ಬರೇ ಮುಂದೆ ಹೋಗಿ, ಮುರಿದ ಕೊಂಬೆ ನೋಡಿ, ಲದ್ದಿಯ ಬಿಸಿ ನೋಡಿ, ಗಾಳಿ ಮೂಸಿ, ಆಮೇಲೆ "ಹೋ" ಎಂದು ಕೂಗು ಹಾಕುತ್ತಿದ್ದರು. ಆ ಕೂಗು ಬರುವವರೆಗೆ ಯಾರೂ ತೋಟಕ್ಕೆ ಇಳಿಯುತ್ತಿರಲಿಲ್ಲ. ಅರ್ಧ ಗಂಟೆ ಹಿಡಿಯುತ್ತಿತ್ತು. ಎಸ್ಟೇಟಿನ ಸಾಹುಕಾರ್ರಿಗೆ ಆ ಅರ್ಧ ಗಂಟೆಯ ಮೇಲೆ ಕಣ್ಣಿತ್ತು.

"ಇನ್ನು ಈ ಮೂಸೋ ಕೆಲ್ಸ ಬೇಡ ಅಲ್ವಾ ಮೇಡಂ?" ಎಂದು ಅವರು ನನ್ನನ್ನು ಕೇಳಿದರು.

ತಿಮ್ಮಪ್ಪ ಅಲ್ಲೇ ಇದ್ದರು. "ಮಿಷನ್ನಿಗೂ ಒಂದಿನ ನೆಗಡಿ ಆದ್ರೆ?"

ನಾನು ಬಿಡಲಿಲ್ಲ. ಗಾಳಿ ತಿರುಗಿದರೆ ನಿಮ್ಮ ಮೂಗು ಏನು ಮಾಡುತ್ತದೆ, ನಿಮಗೆ ಜ್ವರ ಬಂದ ದಿನ ಯಾರು ಮುಂದೆ ಹೋಗುತ್ತಾರೆ, ಮೊದಲ ಲದ್ದಿಯ ಪಕ್ಕದಲ್ಲೇ ಆನೆ ನಿಂತಿದ್ದರೆ ಹಿಂದಿರುಗಿ ಕೂಗುವವರು ಯಾರು? ಒಂದಾದ ಮೇಲೊಂದು ಕೇಳಿದೆ. ಹೆಂಗಸರು ನಗತೊಡಗಿದರು. ಗಿರಿಜಕ್ಕ ಎಂಬಾಕೆ, "ಮೇಸ್ತ್ರಿಗಳೇ, ಮೂಗು ಬದಿಗಿಡಿ ಮಾರಾಯ್ರೇ, ಹುಡುಗಿ ಗೆದ್ಲು," ಎಂದರು. ತಿಮ್ಮಪ್ಪನೂ ನಕ್ಕರು. ಮರುದಿನದಿಂದ ಕೂಗು ನಿಂತಿತು. ಸೈರನ್ ಕೂಗದಿದ್ದರೆ ನೇರ ತೋಟಕ್ಕೆ.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಸೈರನ್ ಕೂಗಿದಾಗಲೆಲ್ಲ ಆನೆ ಇತ್ತು. ಮುಂದಿನ ಕೊಯ್ಲಿನ ಹೊತ್ತಿಗೆ ಕ್ಯಾಮೆರಾದ ಪೆಟ್ಟಿಗೆಯೊಳಗೆ ತೇವ ಸೇರಿತು. ಅದನ್ನು ಇಳಿಸಿ ಅತ್ತಿಗುಂಡಿಗೆ ತಂದೆವು. ಸರ್ ತಾವೇ ಬಿಚ್ಚಿ, ಒಣಗಿಸಿ, ಹೊಸ ಸೀಲ್ ಹಾಕಿ, ನೀರಿನಲ್ಲಿ ಮುಳುಗಿಸಿ ಸೋರಿಕೆ ಪರೀಕ್ಷೆ ಮಾಡಿ ಜೀಪಿನಲ್ಲಿ ಕಳಿಸಿದರು. ತಿಮ್ಮಪ್ಪ ಮತ್ತು ಎಲೆಕ್ಟ್ರಿಷಿಯನ್ ಸೇರಿ ಕಂಬಕ್ಕೇರಿಸಿದರು.

ಮೊದಲ ಬೆಳಿಗ್ಗೆ ನನ್ನ ಪರದೆಯ ಮೇಲೆ ಚಿತ್ರವೆಲ್ಲ ಒಂದೇ ಬೂದು. ದಟ್ಟ ಮಂಜಿದ್ದಾಗ ನಮ್ಮ ಕ್ಯಾಮೆರಾಕ್ಕೆ ಹಾಗೆಯೇ ಕಾಣುತ್ತದೆ. ಕಿಟಕಿಯಾಚೆ ನೋಡಿದೆ. ಅತ್ತಿಗುಂಡಿ ಪೂರ್ತಿ ಮುಳುಗಿತ್ತು. ಪುಸ್ತಕದಲ್ಲಿ 'ಮಂಜು' ಎಂದು ಬರೆದೆ. ಎರಡನೇ ದಿನವೂ ಬೂದು, ಕಿಟಕಿಯಾಚೆ ಮಂಜು. ಮೂರನೇ ದಿನವೂ. ಬೂದಿನ ನಟ್ಟನಡುವೆ ಮಸುಕಾದ ಒಂದು ದುಂಡು ಕಲೆ ಕಂಡಿತ್ತು. ಲೆನ್ಸ್ ಒರೆಸಿದ ಗುರುತಿರಬೇಕೆಂದುಕೊಂಡು ಅದನ್ನು ಬರೆಯಲಿಲ್ಲ. ಮಂಜಿದ್ದ ದಿನ ಎಸ್ಟೇಟಿಗೆ ಫೋನ್ ಮಾಡಿ ತಿಳಿಸುವ ಪದ್ಧತಿಯೂ ನಮ್ಮಲ್ಲಿರಲಿಲ್ಲ. ಮಂಜು ಅವರಿಗೂ ಕಾಣುತ್ತದಲ್ಲ, ಹೇಳುವುದೇನು?

ನಾಲ್ಕನೇ ದಿನವೂ ಬೂದು. 'ಮಂಜು' ಎಂದು ಬರೆದು ಪೆನ್ನು ಮುಚ್ಚುವಷ್ಟರಲ್ಲಿ ಫೋನ್ ಬಂತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್.

"ಮೇಡಂ, ಆನೆ... ಗಿರಿಜಕ್ಕನ್ನ ಎತ್ತಿ ಬಿಸಾಕ್ತು. ಸೈರನ್ ಕೂಗ್ಲೇ ಇಲ್ಲ ಮೇಡಂ, ಕೂಗ್ಲೇ ಇಲ್ಲ."

"ಜೀವ?"

"ಇದೆ. ಆಸ್ಪತ್ರೆಗೆ ಒಯ್ದಿದಾರೆ. ನಿಮ್ ಕ್ಯಾಮೆರಾಕ್ಕೆ ತಿಮ್ಮಪ್ಪ ಚೀಲ ಕಟ್ಟಿದಾನೆ ಮೇಡಂ. ಕರೀ ಚೀಲ."

ನಿಜ ಹೇಳುತ್ತೇನೆ. ಆ ಕೊನೆಯ ಮಾತು ಕೇಳಿದಾಗ ನನ್ನ ಎದೆ ಹಗುರಾಯಿತು.

ಅದಾದ ಮೂರನೇ ದಿನಕ್ಕೆ ಎಸ್ಟೇಟಿನ ಆಫೀಸಿನಲ್ಲಿ ಸಭೆ. ಸಾಹುಕಾರ್ರು, ಅರಣ್ಯ ಇಲಾಖೆಯ ಒಬ್ಬ ಅಧಿಕಾರಿ, ಗಿರಿಜಕ್ಕನ ಗಂಡ, ಶ್ರೀಧರ ಸರ್, ನಾನು. ತಿಮ್ಮಪ್ಪ ಬಾಗಿಲ ಹತ್ತಿರ ನಿಂತಿದ್ದರು. ಕಾಫಿ ಸಸಿ ಬೆಳೆಸುವ ನರ್ಸರಿಯ ಕಪ್ಪು ಪಾಲಿಥಿನ್ ಚೀಲ ಮೇಜಿನ ಮೇಲಿತ್ತು.

"ಹಿಂದಿನ ಸಂಜೆ ಮಳೆ ಬರೋ ಹಾಗಿತ್ತು," ಎಂದರು ತಿಮ್ಮಪ್ಪ. "ಹೋದ್ಸಲ ನೀರು ಹೋಗಿ ಕೆಟ್ಟಿತ್ತಲ್ಲ, ಮತ್ತೆ ಕೆಡೋದು ಬೇಡ ಅಂತ ಕಟ್ದೆ. ಬೆಳಿಗ್ಗೆ ಬಿಚ್ಚೋಕೆ ಮರ್ತೋಯ್ತು."

ನಾನು ಎದ್ದೆ. ಚೀಲವನ್ನು ಎತ್ತಿ, ಎರಡೂ ಕೈಯಲ್ಲಿ ಅಗಲಿಸಿ ನನ್ನ ಮುಖಕ್ಕೆ ಅಡ್ಡ ಹಿಡಿದೆ.

"ತಿಮ್ಮಪ್ಪನವರೇ, ನಾನು ಕಾಣ್ತೀನಾ?"

"ಇಲ್ಲ ಮೇಡಂ."

"ನನಗೆ ನೀವು ಕಾಣ್ತೀರಾ?"

"...ಇಲ್ಲ."

"ಕ್ಯಾಮೆರಾಕ್ಕೆ ಆನೆ ಹೇಗೆ ಕಾಣಬೇಕಿತ್ತು?"

ಸರ್ ಒಂದೇ ಒಂದು ಮಾತು ಕೇಳಿದರು: "ಚೀಲ ಎಷ್ಟು ದಪ್ಪ ಇದೆಯಮ್ಮಾ?" ನನ್ನ ಬೆಂಬಲಕ್ಕೆ ಬಂದರೆಂದುಕೊಂಡೆ. "ತೆಳು ಸರ್, ನರ್ಸರಿ ಚೀಲ. ಆದರೂ ಇಷ್ಟು ಕಪ್ಪು," ಎಂದೆ. ಅವರು ತಲೆಯಾಡಿಸಿ ಸುಮ್ಮನಾದರು. ತಿಮ್ಮಪ್ಪ ಗಿರಿಜಕ್ಕನ ಗಂಡನಿಗೆ ಕೈ ಮುಗಿದು ಹೊರಗೆ ಹೋದರು.

ಸಾಹುಕಾರ್ರು ಅವರಿಂದ ಗ್ಯಾಂಗ್ ಕಿತ್ತುಕೊಂಡರು. ಇಪ್ಪತ್ತು ವರ್ಷ ಮೇಸ್ತ್ರಿಯಾಗಿದ್ದವರು ಕಳೆ ತೆಗೆಯುವ ಸಾಲಿಗೆ ಬಂದರು, ಅದೂ ತಮ್ಮದೇ ಗ್ಯಾಂಗಿನ ಹಿಂದೆ. ದಾರಿಯಲ್ಲಿ ಸಿಕ್ಕವರು "ಏನ್ ಚೀಲದ ಮೇಸ್ತ್ರಿ, ಇವತ್ತು ಯಾವುದಕ್ಕೆ ಕಟ್ಟೋದು?" ಎನ್ನುತ್ತಿದ್ದರಂತೆ.

ವರದಿ ಬರೆಯುವ ಕೆಲಸ ನನ್ನದು. ಮಾತಿನ ಜೊತೆಗೆ ಒಂದು ಚಿತ್ರವೂ ಇರಲಿ, ಚೀಲ ಕಟ್ಟಿದರೆ ಕ್ಯಾಮೆರಾಕ್ಕೆ ಹೇಗೆ ಏನೂ ಕಾಣುವುದಿಲ್ಲ ಎಂದು ತೋರಿಸೋಣ ಎಂದುಕೊಂಡೆ. ಪ್ರಯೋಗಶಾಲೆಯ ಇನ್ನೊಂದು ಕ್ಯಾಮೆರಾದ ಮೂತಿಗೆ ಅದೇ ಕಪ್ಪು ಚೀಲ ಕಟ್ಟಿ ಪರದೆಯ ಕಡೆ ತಿರುಗಿದೆ.

ಪರದೆಯ ಮೇಲೆ ನಾನಿದ್ದೆ. ಸ್ವಲ್ಪ ಮಸುಕು, ಅಷ್ಟೆ. ಬೆರಳುಗಳು, ಕಿವಿ, ಮೇಜಿನ ಮೇಲಿನ ಬಿಸಿನೀರಿನ ಕೆಟಲ್, ಎಲ್ಲವೂ. ಚೀಲವನ್ನು ಬಿಚ್ಚಿ ಮತ್ತೆ ಕಟ್ಟಿದೆ. ಎರಡು ಸುತ್ತು ಸುತ್ತಿದೆ. ಆಗಲೂ ಕೆಟಲ್ ಕಾಣುತ್ತಿತ್ತು. ಕಣ್ಣಿಗೆ ಕಪ್ಪಾದ ಆ ತೆಳು ಪಾಲಿಥಿನ್ ಅವಕೆಂಪಿಗೆ ಬಹುಮಟ್ಟಿಗೆ ತೆರೆದ ಬಾಗಿಲು.

ಹಾಗಾದರೆ ಬೂದು ಎಲ್ಲಿಂದ ಬಂತು? ಚೀಲ ಕಟ್ಟಿದ್ದು ಕೊನೆಯ ಸಂಜೆ, ಬೂದು ಬಂದದ್ದು ಮೊದಲ ದಿನದಿಂದ. ಇದು ನನ್ನದೇ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿತ್ತು. ಸಭೆಗೆ ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡೇ ಹೋಗಿದ್ದೆ. ರೈಟರಿಗೆ ಫೋನ್ ಮಾಡಿದೆ.

"ಆ ನಾಲ್ಕು ದಿನ ಬೆಳಿಗ್ಗೆ ಅಲ್ಲಿ ಮಂಜಿತ್ತಾ?"

"ಎಲ್ಲಿ ಮಂಜು ಮೇಡಂ? ಹೊಡೆಯೋ ಬಿಸ್ಲು. ಕಣದಲ್ಲಿ ಕಾಫಿ ಒಣಗಿಸ್ತಾ ಇದ್ವಲ್ಲ."

ಅವಘಡದ ನಂತರ ಎಸ್ಟೇಟಿನಿಂದ ಇಳಿಸಿ ತಂದಿದ್ದ ಕ್ಯಾಮೆರಾದ ಪೆಟ್ಟಿಗೆ ಮೂಲೆಯಲ್ಲಿತ್ತು. ಬೆಳಕಿಗೆ ತಿರುಗಿಸಿದೆ. ಪೆಟ್ಟಿಗೆಯ ಮುಂಬದಿಯ ಪುಟ್ಟ ಕಿಟಕಿಯ ಮೂಲಕ ಒಳಗಿನ ಲೆನ್ಸ್ ಸ್ವಚ್ಛವಾಗಿ ಕಂಡಿತು. ಕಾಣಬಾರದಿತ್ತು. ನಮ್ಮ ಕ್ಯಾಮೆರಾದ ಕಿಟಕಿ ಜರ್ಮೇನಿಯಂನದು. ಅದು ನೋಡುವುದಕ್ಕೆ ಬೂದು ಲೋಹದಂತೆ, ನಮ್ಮ ಕಣ್ಣಿಗೆ ಅದರಾಚೆ ಏನೂ ಕಾಣುವುದಿಲ್ಲ, ಅವಕೆಂಪು ಮಾತ್ರ ದಾಟುತ್ತದೆ. ಇದು ಗಾಜು, ತಿಳಿ ಗಾಜು. ಆನೆಯ ಶಾಖವನ್ನು ಒಳಗೆ ಬಿಡದ ಗಾಜು. ಸೋರಿಕೆ ಪರೀಕ್ಷೆಯಲ್ಲಿ ಜರ್ಮೇನಿಯಂ ಒಡೆದೀತೆಂದು ಅದರ ಜಾಗಕ್ಕೆ ಗಾಜು ಹಾಕುವುದು, ಪರೀಕ್ಷೆ ಮುಗಿದ ಮೇಲೆ ಬದಲಿಸುವುದು ನಮ್ಮ ಕೇಂದ್ರದ ಪದ್ಧತಿ. ಬದಲಿಸಿರಲಿಲ್ಲ. ಜರ್ಮೇನಿಯಂ ಕಿಟಕಿ ಸರ್ ಅವರ ಕಪಾಟಿನ ಡಬ್ಬಿಯಲ್ಲಿ ಬೆಚ್ಚಗಿತ್ತು. ಚಿತ್ರದ ನಡುವಿನ ದುಂಡು ಕಲೆ ಗಾಜಿನಲ್ಲಿ ಬಿದ್ದಿದ್ದ ಕ್ಯಾಮೆರಾದ್ದೇ ಪ್ರತಿಬಿಂಬ. ನಾನು ಕಂಡದ್ದನ್ನು ಕಂಡ ಹಾಗೆ, 'ಬೂದು, ನಡುವೆ ದುಂಡು ಕಲೆ' ಎಂದು ಬರೆದಿದ್ದರೆ, ಆ ಪುಟ ನೋಡಿದ ಯಾರಾದರೂ ಒಂದೇ ನಿಮಿಷದಲ್ಲಿ ಹಿಡಿಯುತ್ತಿದ್ದರು.

ಸರ್ ಕೋಣೆಗೆ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದೆ. ಅವರು ಗಾಜನ್ನು ನೋಡಿದರು.

"ವರದಿ ತಿದ್ದಿ ಕಳಿಸು," ಎಂದರು.

"ವರದಿ ಸಾಹುಕಾರ್ರ ಕಪಾಟಿಗೆ ಹೋಗುತ್ತೆ ಸರ್. ಗ್ಯಾಂಗಿನವರಿಗೆ ಯಾರು ಹೇಳೋದು? ನೀವು ಬನ್ನಿ."

"ನೀನು ಚೆನ್ನಾಗಿ ಮಾತಾಡ್ತೀಯ. ನೀನೇ ಹೋಗು."

ಹೋದೆ. ಸಾಹುಕಾರ್ರು ವರದಿ ಓದಿ, "ಆಯ್ತು ಬಿಡಿ ಮೇಡಂ, ಆಗಿದ್ದು ಆಗೋಯ್ತು. ಈಗ ಅವನಿಗೆ ಗ್ಯಾಂಗ್ ವಾಪಸ್ ಕೊಟ್ರೆ, ಕಿತ್ಕೊಂಡ ನಾನು ಏನಾದೆ?" ಎಂದರು. ಹಾಜರಿಯ ಹೊತ್ತಿಗೆ ಕಣದಲ್ಲಿ ಹತ್ತು ನಿಮಿಷ ಕೊಡಿ ಎಂದು ಕೇಳಿದೆ. ಕೊಡಲು ಮನಸ್ಸಿರಲಿಲ್ಲ. ಕೊಡದಿದ್ದರೆ ಅರಣ್ಯ ಇಲಾಖೆಗೂ ಇದೇ ವರದಿಯನ್ನು ನಾನೇ ಒಯ್ದು ಓದಿ ಹೇಳುತ್ತೇನೆ ಎಂದೆ. ಕೊಟ್ಟರು.

ಮರುದಿನ ಕಣದಲ್ಲಿ ಕ್ಯಾಮೆರಾ ಇಟ್ಟು, ಪರದೆಯನ್ನು ಎಲ್ಲರಿಗೂ ಕಾಣುವಂತೆ ಜೀಪಿನ ಬಾನೆಟ್ ಮೇಲೆ ನಿಲ್ಲಿಸಿದೆ. ಗಿರಿಜಕ್ಕನನ್ನು ಕುರ್ಚಿಯಲ್ಲಿ ಹೊತ್ತು ತಂದಿದ್ದರು. ತಿಮ್ಮಪ್ಪ ಬರಲೊಲ್ಲರು. ಕಳೆಗತ್ತಿ ಹಿಡಿದು ದೂರ ನಿಂತಿದ್ದರು. ನಾನೇ ಹೋಗಿ ಕರೆದು ತಂದು ಕ್ಯಾಮೆರಾದ ಎದುರು ನಿಲ್ಲಿಸಿದೆ. ಮೂತಿಗೆ ಕಪ್ಪು ಚೀಲ ಕಟ್ಟಿದೆ. ಪರದೆಯ ಮೇಲೆ ತಿಮ್ಮಪ್ಪ ಇದ್ದ ಹಾಗೇ ಇದ್ದರು, ಕೈಯ ಕತ್ತಿಯ ಹಿಡಿ ಸಮೇತ.

"ಅಯ್ಯಯ್ಯೋ, ಚೀಲದೊಳಗಿಂದ ಕಾಣತ್ತಲ್ಲೇ!" ಒಬ್ಬಾಕೆ ಕೂಗಿದಳು. "ಇನ್ ಈ ಮೇಡಂ ಮುಂದೆ ಸೆರಗು ಸರಿ ಮಾಡ್ಕೊಂಡೂ ಪ್ರಯೋಜ್ನ ಇಲ್ಲ!"

ನಗು ಎದ್ದಿತು. ಚೀಲ ಬಿಚ್ಚಿ ಗಾಜನ್ನು ಹಿಡಿದೆ. ತಿಮ್ಮಪ್ಪ ಮಾಯವಾದರು. ಬೂದು, ನಡುವೆ ದುಂಡು ಕಲೆ. ನಗು ನಿಂತಿತು.

"ಈ ಗಾಜು ಹಾಕಿ ಕಳಿಸಿದ್ದು ನಾವು," ಎಂದೆ. "ನಾಲ್ಕು ದಿನ ಇದನ್ನ ನೋಡಿ ಮಂಜು ಅಂತ ಬರೆದಿದ್ದು ನಾನು. ಚೀಲದ್ದು ಏನೂ ತಪ್ಪಿಲ್ಲ. ಮೇಸ್ತ್ರಿಗಳದ್ದೂ ಇಲ್ಲ. ಅವರ ಕೂಗು ನಿಲ್ಲಿಸಿದವಳೂ ನಾನೇ."

ಗಿರಿಜಕ್ಕ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು. "ಆವತ್ತು ಹುಡುಗಿ ಗೆದ್ಲು ಅಂದಿದ್ದೆ ಅಲ್ವಾ ನಾನು," ಎಂದರು. ಅಷ್ಟೇ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ತಿಮ್ಮಪ್ಪ ಗಾಜನ್ನು ನನ್ನ ಕೈಯಿಂದ ಇಸಿದುಕೊಂಡು ಎರಡೂ ಬದಿ ತಿರುಗಿಸಿ ನೋಡಿದರು. "ಬೇರೆಯವ್ರು ಅಂದಿದ್ದು ಇರ್ಲಿ ಮೇಡಂ," ಎಂದರು, ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ. "ನಾನೂ ನಂಬಿದ್ದೆ. ಗಿರಿಜಾನ್ನ ನಾನೇ ಕೆಡವಿದ್ದು ಅಂತ. ಅವಳ ಮನೆ ಮುಂದೆ ಹಾಯೋಕೆ ಆಗ್ದೆ ತೋಟದ ಸುತ್ತು ಹಾಕಿ ಹೋಗ್ತಿದ್ದೆ."

ಸಾಹುಕಾರ್ರು ಮರುವಾರ ಗ್ಯಾಂಗ್ ವಾಪಸ್ ಕೊಟ್ಟರು. ತಿಮ್ಮಪ್ಪ ಒಂದು ಷರತ್ತು ಹಾಕಿದರು: ಕ್ಯಾಮೆರಾ ಇರಲಿ, ಆದರೆ ಬೆಳಿಗ್ಗೆ ತಾವು ಮುಂದೆ ಹೋಗಿ ಕೂಗದೆ ಯಾರೂ ಇಳಿಯಬಾರದು. ನಾವೂ ಪದ್ಧತಿ ಬದಲಿಸಿದೆವು. ಕಂಬದಿಂದ ಸ್ವಲ್ಪ ದೂರದಲ್ಲಿ ವಿದ್ಯುತ್ತಿನಿಂದ ಯಾವಾಗಲೂ ಬೆಚ್ಚಗಿರುವ ಒಂದು ಕಪ್ಪು ತಗಡು ನಿಲ್ಲಿಸಿದೆವು. ಅದು ಚಿತ್ರದಲ್ಲಿ ಕಾಣದಿದ್ದರೆ ಆ ದಿನ ಕ್ಯಾಮೆರಾ ಕುರುಡು ಎಂದು ಎಸ್ಟೇಟಿಗೆ ಫೋನ್ ಹೋಗಬೇಕು, ಕಾರಣ ಏನೇ ಇರಲಿ. ನೀವು ಎಲ್ಲಿ ಕೆಲಸಕ್ಕೆ ಸೇರಿದರೂ ಇಂಥದ್ದೊಂದನ್ನು ಮೊದಲ ದಿನವೇ ನಿಲ್ಲಿಸಿ.

ಕೇಂದ್ರ ಮುಚ್ಚುವಾಗ ಹಳೆಯ ಪುಸ್ತಕಗಳನ್ನು ಕಟ್ಟುವ ಕೆಲಸ ನನಗೇ ಬಂತು. ಶ್ರೀಧರ ಸರ್ ಅಷ್ಟರಲ್ಲಿ ನಿವೃತ್ತರಾಗಿ ಮೈಸೂರಿಗೆ ಹೋಗಿದ್ದರು. ನಾನು ಸೇರುವುದಕ್ಕಿಂತ ಬಹಳ ಹಿಂದಿನ ಅವರದೊಂದು ಪುಸ್ತಕದಲ್ಲಿ, ಅಗ್ಗದ ಕಿಟಕಿಗಳನ್ನು ಹುಡುಕುತ್ತಿದ್ದ ಕಾಲದ ಒಂದು ಪುಟದಲ್ಲಿ, ಅವರ ದುಂಡು ಅಕ್ಷರದಲ್ಲಿ ಹೀಗಿತ್ತು: 'ಕಪ್ಪು ಪಾಲಿಥಿನ್. ತೆಳುವಾದರೆ ಚೆನ್ನಾಗಿ ದಾಟುತ್ತದೆ.'

ಆ ಪುಟದ ನಕಲನ್ನು ಅವರಿಗೆ ಕಳಿಸಿದೆ. ಉತ್ತರ ಬಂದಿಲ್ಲ. ಅವರು ನನಗೆ ಕಲಿಸಿದ್ದು ಬಹಳ, ಅದನ್ನು ಅಲ್ಲಗಳೆಯುವುದಿಲ್ಲ. ಸೋರಿಕೆ ಪರೀಕ್ಷೆ ಮಾಡಿದ್ದು ಅವರು, ಮಂಜೆಂದು ಬರೆದದ್ದು ನಾನು. ಆ ಸಭೆಯಲ್ಲೇ ಸತ್ಯ ಹೊರಬಿದ್ದಿದ್ದರೆ ಇಬ್ಬರ ತಲೆಯೂ ತಗ್ಗುತ್ತಿತ್ತು. ಅದಕ್ಕೇ ಈ ಒಂದು ಪ್ರಶ್ನೆಗೆ ಎರಡೂ ಬದಿಯಿಂದ ವಾದ ಮಾಡಿ ನೋಡಿದ್ದೇನೆ, ಎರಡೂ ಬದಿಯಲ್ಲಿ ಗೆದ್ದಿದ್ದೇನೆ, ಆದ್ದರಿಂದ ಏನೂ ತಿಳಿದಿಲ್ಲ. ನೀವೇ ಹೇಳಬೇಕು ಸರ್: ಆ ಆಫೀಸಿನಲ್ಲಿ, ಚೀಲ ತೆಳುವಾಗಿದೆ ಎಂದು ನಾನು ಹೇಳಿದ ಮೇಲೂ ನೀವು ಸುಮ್ಮನಿದ್ದದ್ದು ನನ್ನನ್ನು ಉಳಿಸಲೆಂದೋ, ನಿಮ್ಮನ್ನು ಉಳಿಸಿಕೊಳ್ಳಲೆಂದೋ?